ಡಬ್ಬಿಯ ಮುಚ್ಚಳದ ಮೇಲಿನ ಹೆಬ್ಬೆರಳು

ಆ ಮೆಣಸಿನಕಾಯಿ ಡಬ್ಬಿಯ ಮುಚ್ಚಳದ ಮೇಲಿದ್ದ ಹೆಬ್ಬೆರಳ ಗುರುತು ನನ್ನದು, ತಂಗಿ ಸುಜಾತಾ. ನಿಮ್ಮ ಅವ್ವ ಗಂಗವ್ವನವರನ್ನು ಪೊಲೀಸರು ನಾಲ್ಕು ದಿನ ಹಿಡಿದಿಟ್ಟುಕೊಂಡದ್ದು ಆ ಗುರುತಿನಿಂದಲೇ. ಅದು ಯಾರದೆಂದು ನನಗೆ ಮೊದಲ ದಿನವೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಹೇಳಿದವರು ನಿಮ್ಮ ಅವ್ವನೇ. ಅವರಿಗೆ ಕೈಮುಗಿದು ಶುರು ಮಾಡುತ್ತಿದ್ದೇನೆ.

ನಾನು ಬ್ಯಾಡಗಿಯವನು, ಬೆರಳಚ್ಚು ವಿಭಾಗದಲ್ಲಿ ನೌಕರಿ ಮಾಡಿ ನಿವೃತ್ತನಾದವನು. ತವರಿಗೆ ಬರಲಾಗದ ನಿಮ್ಮ ಬಾಣಂತನಕ್ಕೆಂದು ಅವ್ವ ಹೊರಟಿದ್ದ ವಿಮಾನ ಅಪಹರಣವಾಯಿತಲ್ಲ, ಪ್ರಯಾಣಿಕರೆಲ್ಲ ಪಾರಾಗಿ ಬಂದ ಮೇಲೆ ಅದರೊಳಗೆ ಸಾಕ್ಷ್ಯ ಹುಡುಕಲು ಹೋದವರಲ್ಲಿ ನಾನೂ ಒಬ್ಬ. ಅಪಹರಣಕಾರರು ಸಿಬ್ಬಂದಿಯೊಬ್ಬನ ಕಣ್ಣಿಗೆ ಖಾರದ ಪುಡಿ ಎರಚಿದ್ದರು. ಆ ಪುಡಿ ಎಲ್ಲಿಂದ ಬಂತೆಂದು ಸೀಟಿನ ಮೆತ್ತೆಗಳನ್ನೆಲ್ಲ ಕಿತ್ತು ಹುಡುಕುತ್ತಿದ್ದೆವು. ಎರಡು ದಿನ ಜನ ಸಿಕ್ಕಿಬಿದ್ದಿದ್ದ ಜಾಗ — ಬೆವರು, ಹಳಸಿದ ಅನ್ನ, ವಾಂತಿಯ ನಾತ. ಅದರ ನಡುವೆ ಒಂದು ಸೀಟಿನ ಕೆಳಗೆ — ಅದು ನಿಮ್ಮ ಅವ್ವನದೆಂದು ಆಮೇಲೆ ತಿಳಿಯಿತು — ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಒಣ ಮೆಣಸಿನಕಾಯಿ, ಅಡಿಯಲ್ಲಿ ಖಾರದ ಪುಡಿ — ನಮ್ಮೂರಿನ ವಾಸನೆ!

ಅಲ್ಲೇ ನಾನು ಕೆಟ್ಟೆ. ನಮ್ಮಪ್ಪ ಮೆಣಸಿನಕಾಯಿ ವ್ಯಾಪಾರಿ. ಕಾಯಿ ಕಂಡರೆ ಮುರಿದು, ಅಂಗೈಯಲ್ಲಿ ತಿಕ್ಕಿ, ಬಣ್ಣ ನೋಡಿ, ಮೂಸದೆ ಬಿಡಬಾರದೆಂದು ಕಲಿಸಿದ್ದ. ಗ್ಲೌಸ್ ಹಾಕಿಕೊಂಡರೆ ಬಣ್ಣ ಹೇಗೆ ತಿಳಿದೀತು? ಕಳಚಿದೆ. ಮುರಿದೆ, ತಿಕ್ಕಿದೆ, ಮೂಸಿದೆ, ಒಳ್ಳೆಯ ಮಾಲು ಎಂದುಕೊಂಡೆ — ಬರಿಗೈಯಲ್ಲೇ ಮುಚ್ಚಳ ಒತ್ತಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಪ್ರಯೋಗಾಲಯದಲ್ಲಿ ಮುಚ್ಚಳದ ಮೇಲೆ ಅವ್ವನ ಬೆರಳುಗಳ ಜೊತೆ ಇನ್ನೊಂದು ಹೆಬ್ಬೆರಳು ಮೂಡಿತು. ನಡುವೆ ಅಡ್ಡಗೀರು, ಚಿಕ್ಕಂದಿನಲ್ಲಿ ಕುಡಗೋಲು ತಾಗಿದ ನನ್ನದೇ ಗಾಯ. ಹುಡುಕಲು ಹೋದವರ ಬೆರಳಚ್ಚಿಗೂ ಹೋಲಿಸಿ ನೋಡುವುದು ಪದ್ಧತಿ. ಆ ಕೆಲಸವೂ ನನ್ನ ಪಾಲಿಗೇ ಬಂದಿತ್ತು. 'ಯಾರದಕ್ಕೂ ಹೊಂದುವುದಿಲ್ಲ' ಎಂದು ಬರೆದೆ. ನೌಕರಿ ಹೋದೀತೆಂಬ ಹೆದರಿಕೆ — ಅಷ್ಟೇ, ಬೇರೆ ಕಾರಣವಿಲ್ಲ. ಆ ಗುರುತು ಅಪಹರಣಕಾರರ ಸಂಗಡಿಗನದೆಂದು ಬಗೆದು ಅಂದಿನಿಂದ ಅಧಿಕಾರಿಗಳು ಅವ್ವನಿಗೆ ಕೇಳಿದ್ದು ಒಂದೇ ಪ್ರಶ್ನೆ: ಈ ಡಬ್ಬಿ ಕೊಟ್ಟು ಕಳಿಸಿದವರು ಯಾರು?

ಮರುದಿನ ಅವರ ಬೆರಳಚ್ಚನ್ನು ಮತ್ತೊಮ್ಮೆ ತೆಗೆಯಲು ನನ್ನನ್ನೇ ಕಳಿಸಿದರು. ನನ್ನ ಮಾತು ಕೇಳಿ ಆ ಬಾಡಿದ ಮುಖ ಅರಳಿತು.

"ನಮ್ಮ ಕಡೆಯವ್ರೇನ್ರಿ? ನಮ್ದು ಹಾವೇರಿ ಹಂತೇಕ ಅಗಡಿ. ನಿಮ್ಮನ್ನ ನೋಡಿ ಜೀವಕ್ಕ ಸಮಾಧಾನ ಆತು ನೋಡ್ರಿ. ಮಗಳಿಗೆ ದಿನ ತುಂಬ್ಯಾವ, ಲಗೂ ಬಿಡಾಕ ಹೇಳ್ರಿ."

"ಹೇಳ್ತೇನ್ರಿ" ಎಂದೆ. ಹೇಳಲಿಲ್ಲ.

ನಾಲ್ಕನೆಯ ದಿನ, ಎರಚಿದ ಪುಡಿಯ ಪೊಟ್ಟಣ ಅಪಹರಣಕಾರನೊಬ್ಬನ ಚೀಲದಲ್ಲೇ ಸಿಕ್ಕಿತು. ಅವ್ವನನ್ನು ಬಿಟ್ಟರು. ಅಷ್ಟರಲ್ಲಿ ನಿಮಗೆ ಮಗ ಹುಟ್ಟಿಯಾಗಿತ್ತು — ಹತ್ತಿರ ಅವ್ವನಿಲ್ಲದೆ. ಆ ಮಗ ಈಗ ಕಾಲೇಜಿಗೆ ಹೋಗುತ್ತಾನಂತೆ.

ಹೋದ ತಿಂಗಳು ಅಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೇಳಿ ಅವರು ಅಂದದ್ದು ಇಷ್ಟು:

"ಸುಮ್ಸುಮ್ನ ಪೊಲೀಸ್ರು ಯಾರ್ನೂ ಹಿಡ್ಯಾಂಗಿಲ್ಲ ಅಂತ ಬೀಗರ ಮನ್ಯಾಗ ಇನ್ನೂ ಅಂತಾರ್ರಿ. ನನ್ನ ಮಗಳೂ ಒಮ್ಮೆ ಕೇಳ್ಯಾಳ — ಖರೇನ ಯಾರರ ಕೊಟ್ಟಿದ್ರೇನವಾ ಅಂತ. ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ಅಕೀಗೆ ಬರದು ಕೊಡ್ರಿ."

ಆಮೇಲೆ ಒಳಗೆ ಹೋಗಿ ರೊಟ್ಟಿ, ಕೆಂಪು ಖಾರ ತಂದಿಟ್ಟರು. "ಉಣ್ರಿ. ಹಸಕೊಂಡು ಹೋಗಬ್ಯಾಡ್ರಿ."

ಬೈದಿದ್ದರೆ ಬೈಸಿಕೊಂಡು, ಲೆಕ್ಕ ಚುಕ್ತಾ ಎಂದುಕೊಂಡು ಬಂದುಬಿಡುತ್ತಿದ್ದೆನೇನೋ. ಅವರು ಉಣ್ಣಿಸಿದರು. ಇಷ್ಟು ವರ್ಷ ಸುಳ್ಳನ್ನು ಬಗಲಲ್ಲಿಟ್ಟುಕೊಂಡು ಓಡಾಡಿದವನಿಗೆ ಖರೇ ಬರೆಯುವ ಕೆಲಸ ಕೊಟ್ಟರು. ಆ ಊಟದ ಋಣ, ಈ ಕೆಲಸದ ಋಣ — ಎರಡನ್ನೂ ತೀರಿಸುವ ಶಕ್ತಿ ನನಗಿಲ್ಲ. ಕೃತಜ್ಞನಾಗಿದ್ದೇನೆ ಎನ್ನಲು ನನಗೆ ಹಕ್ಕಿದೆಯೋ ಇಲ್ಲವೋ... ಆದರೂ ದಿನಾ ಬೆಳಿಗ್ಗೆ ಎದ್ದೊಡನೆ ಆ ತಾಯಿಯನ್ನು ನೆನೆಯುತ್ತೇನೆ.

ನಿಮ್ಮ ಅವ್ವನಿಗೆ ಆ ಡಬ್ಬಿ ಯಾರೂ ಕೊಟ್ಟಿರಲಿಲ್ಲ, ಸುಜಾತಾ. ಅವರೇ ತುಂಬಿದ್ದು, ನಿಮಗಾಗಿ. ಇದನ್ನು ನಿಮ್ಮ ಅತ್ತೆಯ ಮನೆಯವರ ಮುಂದೆ ಓದಿ; ಕರೆದರೆ ನಾನೇ ಬಂದು ಹೇಳುತ್ತೇನೆ. ಇಲಾಖೆಗೂ ಒಂದು ಪ್ರತಿ ಕಳಿಸಿದ್ದೇನೆ. ಕೆಳಗೆ ಸಹಿಯ ಪಕ್ಕದಲ್ಲಿ ಬಲಗೈ ಹೆಬ್ಬೆರಳನ್ನು ಒತ್ತಿದ್ದೇನೆ. ಯಾರು ಬೇಕಾದರೂ ಹೋಲಿಸಿ ನೋಡಲಿ.