ಆಶೀರ್ವಾದಕ್ಕೆ ಹೋದ ಮನೆ

ಈಸ್ಟರ್ ಮುಗಿದ ಮೇಲೆ ನಮ್ಮಲ್ಲಿ ಫಾದರ್ ಮನೆಮನೆಗೆ ಬಂದು ಆಶೀರ್ವಾದ ಮಾಡುತ್ತಾರೆ. ಅವರ ಹಿಂದೆ ಪವಿತ್ರ ಜಲದ ತಾಮ್ರದ ಪಾತ್ರೆ ಹಿಡಿದು ನಡೆಯುವುದು ವಾರ್ಡಿನ ಗುರ್ಕಾರರ ಕೆಲಸ. ಇಗರ್ಜಿಗೂ, ಅಂದರೆ ಚರ್ಚಿಗೂ, ಮನೆಗಳಿಗೂ ನಡುವೆ ಓಡಾಡಿ ಎರಡೂ ಕಡೆಯಿಂದ ಬೈಸಿಕೊಳ್ಳುವವರಿಗೆ ಗುರ್ಕಾರ ಎಂದು ಹೆಸರು. ನಮ್ಮ ವಾರ್ಡಿಗೆ ಅದು ನಾನು. ಗಂಡಸರು ಯಾರೂ ಒಪ್ಪಲಿಲ್ಲ, ಅದಕ್ಕೇ ನನಗೆ ಬಂತು. ದೊಡ್ಡಸ್ತಿಕೆ ಏನೂ ಇಲ್ಲ.

ಈ ವರ್ಷ ಆ ಪಾತ್ರೆ ಮುಟ್ಟಲು ನನಗೆ ಮನಸ್ಸಿರಲಿಲ್ಲ. ಡಿಗ್ರಿ ಮುಗಿಸಿ ಇಗರ್ಜಿಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ವಾರ್ಡಿನ ಹುಡುಗಿಯೊಬ್ಬಳು ಫಾದರ್ ಮೇಲೆ ಬಿಷಪ್‌ಗೆ ದೂರು ಕೊಟ್ಟಿದ್ದಳು. ಅವರು ಕಳಿಸುತ್ತಿದ್ದ ಮೆಸೇಜುಗಳನ್ನು ನನಗೆ ತೋರಿಸಿದ್ದಳು. ಓದಿ ಮೈಯೆಲ್ಲ ಉರಿದುಹೋಗಿತ್ತು. ಕೊನೆಗೊಂದು ದಿನ ಆಫೀಸಿನ ಬಾಗಿಲು ಹಾಕಿ ಕೈ ಹಿಡಿದರಂತೆ. ಕಿರುಚಿಕೊಂಡು ಹೊರಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ವಿಚಾರಣೆ ಮಾಡುತ್ತೇವೆ ಎಂಬ ಉತ್ತರ ಬಂತು, ಮಾಡುವವರು ಮಾತ್ರ ಬರಲಿಲ್ಲ. ಫಾದರ್ ಪ್ರತಿ ಭಾನುವಾರ ಬಲಿಪೂಜೆ ಮಾಡುತ್ತಲೇ ಇದ್ದರು, ನಾವೂ ಮೊಣಕಾಲೂರಿ ಕೂರುತ್ತಲೇ ಇದ್ದೆವು.

ಆಶೀರ್ವಾದದ ಹಿಂದಿನ ದಿನ ಸಂಜೆ ಇಗರ್ಜಿಯ ಪಾಲನಾ ಮಂಡಳಿಯ ಉಪಾಧ್ಯಕ್ಷರು ನಮ್ಮ ಮನೆಗೆ ಬಂದರು. ದೊಡ್ಡ ಎಸ್ಟೇಟಿನವರು, ಕುರ್ಚಿ ಹಾಕಿದರೂ ಕೂರಲಿಲ್ಲ.

"ನಾಳೆ ಆ ಹುಡುಗಿ ಮನೇಗೇ ಮೊದ್ಲು ಹೋಗೋಣ" ಎಂದರು.

"ಆ ಮನೆ ಬಿಡೋದೇ ಒಳ್ಳೇದಲ್ವಾ?"

"ಬಿಟ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ. ಅದೇ ಅವ್ರು ಆಶೀರ್ವಾದ ತಗೊಂಡ್ರು ಅಂದ್ರೆ ರಾಜಿ ಆಯ್ತು ಅಂತಲೇ ಅಲ್ವಾ? ಬಿಷಪ್ ಹತ್ರ ನಾನೇ ಹೇಳ್ತೀನಿ. ಬಾಗ್ಲಿಗೆ ಬಂದ ಫಾದರ್‌ನ ಅವಳ ತಾಯಿ ವಾಪಸ್ ಕಳಿಸ್ತಾಳಾ?" ಹೊರಡುವಾಗ ಮೆತ್ತಗೆ ಸೇರಿಸಿದರು: "ನಿಮ್ಮ ಮಗನ ಮದ್ವೇನೂ ಹತ್ರ ಬಂತು, ಅದಕ್ಕೂ ಫಾದರ್ ಸಹಿ ಬೇಕಲ್ವಾ?"

ಎಂಥ ಲೆಕ್ಕಾಚಾರ! ಆಶೀರ್ವಾದವನ್ನೇ ಬಲೆ ಮಾಡಿದ್ದರು. ನನಗೆ ಭಯ ಇದ್ದದ್ದು ಆ ತಾಯಿಯ ಬಗ್ಗೆ. ಇವರದೇ ಎಸ್ಟೇಟಿನಲ್ಲಿ ಕೂಲಿ ಮಾಡುವವಳು, ಗಂಡ ತೀರಿಹೋಗಿದ್ದಾನೆ. ಫಾದರ್ ದಾರಿಯಲ್ಲಿ ಸಿಕ್ಕರೂ ತಲೆ ಮೇಲೆ ಸೆರಗು ಎಳೆದುಕೊಂಡು ಪಕ್ಕಕ್ಕೆ ನಿಲ್ಲುವವಳು ಬಾಗಿಲು ಮುಚ್ಚಿಯಾಳೇ? ಎಚ್ಚರಿಸೋಣ ಎಂದು ಫೋನ್ ಮಾಡಿದರೆ ಮಳೆಗೆ ಟವರ್ ಸತ್ತಿತ್ತು. ನಾನು ಬರುವುದಿಲ್ಲ ಎನ್ನಬಹುದಿತ್ತು. ಆದರೆ ಆ ಇಬ್ಬರು ಗಂಡಸರೇ ಆ ಮನೆಗೆ ಹೋಗುವುದನ್ನು ನೆನೆಸಿಕೊಂಡು ಹೊರಟೆ.

ಮರುದಿನ ಮೂವರೂ ಜೀಪು ಹತ್ತಿದೆವು. "ಈ ಸಲ ಕಾಫಿಗೆ ಹೂಮಳೆ ಸರಿಯಾದ ಹೊತ್ತಿಗೆ ಬಂತು" ಎಂದು ಫಾದರ್ ಒಮ್ಮೆ ತೋಟದ ಕಡೆ ನೋಡಿದರು. ಅಷ್ಟು ನೆಮ್ಮದಿ ಅವರಿಗೆ.

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಅವರದು ಮೊದಲನೆಯದು. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಹಚ್ಚಿಟ್ಟ ಎರಡು ಮೇಣದಬತ್ತಿ. ಆಶೀರ್ವಾದಕ್ಕೆ ಎಲ್ಲ ಸಿದ್ಧವಾಗಿತ್ತು. ಉಪಾಧ್ಯಕ್ಷರು ನನ್ನ ಕಡೆ ತಿರುಗಿ ನಕ್ಕರು. ಮುಗಿಯಿತು, ಹುಡುಗಿ ಸೋತಳು ಅಂದುಕೊಂಡೆ.

ತಾಯಿ ಹೊಸ್ತಿಲಿಗೆ ಬಂದು ಕೈಮುಗಿದಳು.

"ಅಕ್ಕ, ನೀವು ಒಳಗ್ ಬನ್ನಿ. ಅವ್ರು ಅಂಗಳದಲ್ಲೇ ಇರ್ಲಿ."

"ಏನಮ್ಮಾ ಇದು?" ಉಪಾಧ್ಯಕ್ಷರ ಸ್ವರ ಏರಿತು. "ಫಾದರ್ ಇಲ್ದೆ ಎಂಥ ಆಶೀರ್ವಾದ?"

"ನೀರು ಅಕ್ಕನ ಕೈಲಿದೆಯಲ್ಲ ಸಾರ್" ಎಂದಳು ಅವಳು.

ಅಷ್ಟು ಹೊತ್ತು ಹೊತ್ತುಕೊಂಡಿದ್ದರೂ ಅದು ನನಗೆ ಹೊಳೆದಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ಧೈರ್ಯ ಹೋದೀತೆಂದು ಸೀದಾ ಒಳಗೆ ನಡೆದೆ.

ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಸೊರಗಿದ್ದಳು. ನಾನು ನಾಲ್ಕೂ ಮೂಲೆಗೆ ನೀರು ಚಿಮುಕಿಸಿದೆ. ಮೂವರೂ ಪರಲೋಕ ಮಂತ್ರ ಹೇಳಿದೆವು. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಎಂಬ ಸಾಲು ಬಂದಾಗ ಹುಡುಗಿ ಬಾಯಿ ಬಿಗಿಹಿಡಿದಳು. ತಾಯಿಯೂ ನಿಲ್ಲಿಸಿದಳು. ನಾನೊಬ್ಬಳೇ ತಡವರಿಸುತ್ತ ಮುಂದಕ್ಕೆ ಹೇಳಿದೆ.

ಆಮೇಲೆ ಹುಡುಗಿಯ ತಲೆ ಸವರಿ, "ನಾನು ನಿನ್ನ ಕಡೆ ಇದ್ದೀನಿ ಮಗಾ" ಎಂದೆ.

"ಗೊತ್ತು ಆಂಟಿ" ಎಂದಳು. "ತುಂಬಾ ಜನ ಹೇಳಿದಾರೆ. ಎಲ್ರೂ ಒಳಗೆ ಬಂದೇ ಹೇಳ್ತಾರೆ, ಹೀಗೇ ಮೆಲ್ಲಗೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಬ್ರಾದ್ರೂ ಹೊರಗೆ ಹೇಳ್ತೀರಾ?"

ಮಗನ ಮದುವೆ ನೆನಪಾಯಿತು. ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ಹೊಸ್ತಿಲ ಮೇಲೆ ಬಂದು ನಿಂತೆ. ತಮ್ಮ ಮನೆಯ ಸರದಿಗೆ ಕಾಯುತ್ತ ಅಕ್ಕಪಕ್ಕದ ಹೆಂಗಸರೆಲ್ಲ ಅಂಗಳಕ್ಕೆ ಬಂದಿದ್ದರು.

"ಈ ಹುಡುಗಿ ಹೇಳಿದ್ದು ನಿಜ" ಎಂದೆ. ಹಿಂದೆ ನಿಂತವರಿಗೂ ಕೇಳಲಿ ಎಂದು ಮತ್ತೆ ಗಟ್ಟಿಯಾಗಿ ಹೇಳಿದೆ. "ಮೆಸೇಜುಗಳನ್ನ ನಾನೇ ಓದಿದೀನಿ. ಬಿಷಪ್ ಕೇಳಿದ್ರೂ ಇದನ್ನೇ ಹೇಳ್ತೀನಿ. ಈ ಮನೇಲಿ ಯಾವ ರಾಜಿನೂ ಆಗಿಲ್ಲ."

ಫಾದರ್ ಮುಖ ಕೆಂಪಾಗಿತ್ತು. ಅವರು ಹತ್ತಿರ ಬಂದು ಪಾತ್ರೆಗೆ ಕೈ ಚಾಚಿದರು.

"ಕೊಡಿ ಇಲ್ಲಿ. ಮುಂದಿನ ಮನೆಗೆ ಹೊತ್ತಾಯ್ತು."

ನಾನು ಕೊಡಲಿಲ್ಲ.