ಹೊಸ್ತು ಉಣ್ಣಲು ಕುದ್ರುವಿಗೆ

ಬ್ರಹ್ಮಾವರದಿಂದ ಕುಂದಾಪುರಕ್ಕೆ ಹದಿನಾಲ್ಕು ಮೈಲು. ಅಷ್ಟು ದೂರವನ್ನೂ ನಾನು ಮತ್ತು ಅಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ, ಯಾರದೋ ಎರಡು ಬುಟ್ಟಿ ಸುವರ್ಣಗಡ್ಡೆಯ ನಡುವೆ ಕಾಲು ಮಡಚಿಕೊಂಡು ಕಳೆದೆವು. ಟಿಕೆಟ್ಟು ತಲೆಗೆ ಅರವತ್ತು ಪೈಸೆ. ಮಳೆಗಾಲ ಮುಗಿಯುತ್ತ ಬಂದಿತ್ತು, ಆದರೆ ಅದನ್ನು ಮಳೆ ಇನ್ನೂ ಒಪ್ಪಿಕೊಂಡಿರಲಿಲ್ಲ. ಸಾಲಿಗ್ರಾಮದಲ್ಲಿ ಬಿಸಿಲು, ತೆಕ್ಕಟ್ಟೆಯಲ್ಲಿ ಮಳೆ, ಕೋಟೇಶ್ವರದಲ್ಲಿ ಮತ್ತೆ ಬಿಸಿಲು. ಅಮ್ಮ ಪೆಟ್ಟಿಗೆಯಿಂದ ತೆಗೆದ ಹಸಿರು ಸೀರೆ ಉಟ್ಟು, ಕೋರ್ಟಿಗೆ ಹೊರಟವಳ ಹಾಗೆ ನೆಟ್ಟಗೆ ಕೂತಿದ್ದಳು.

ನಾವು ಹೊರಟದ್ದು ಅಮ್ಮನ ತವರಿಗೆ, ಹೊಸ್ತಿಗೆ. ಕುಂದಾಪುರದ ಹೊಳೆಬಾಯಿಯ ಹತ್ತಿರ ನೀರಿನ ನಡುವೆ ಇರುವ ಒಂದು ಸಣ್ಣ ಕುದ್ರು ಅದು. ಗದ್ದೆಯ ಮೊದಲ ಕದಿರನ್ನು ಮನೆಗೆ ತಂದು, ಅದರ ನಾಲ್ಕು ಕಾಳನ್ನು ಅನ್ನಕ್ಕೆ ಹಾಕಿ ಉಣ್ಣುವ ದಿನವೇ ಹೊಸ್ತು. ಆ ಅನ್ನವನ್ನು ಸುಮ್ಮನೆ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಸಾಲಿನಲ್ಲಿ ಕೂತ ಪ್ರತಿಯೊಬ್ಬರೂ ತಮಗಿಂತ ಹಿರಿಯರನ್ನು ಕರೆದು "ಹೊಸ್ತು ಉಣ್ಣುತ್ತೇನೆ" ಎನ್ನಬೇಕು. ಅವರು "ಉಣ್ಣು" ಎಂದ ಮೇಲೆಯೇ ಮೊದಲ ತುತ್ತು.

ನಮ್ಮ ತೊಂದರೆ ಇದ್ದದ್ದೇ ಇಲ್ಲಿ. ಅಮ್ಮನಿಗೂ ಅವಳ ತಮ್ಮ, ಅಂದರೆ ನನ್ನ ಮಾವನಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅಜ್ಜಿ ಇರುವಷ್ಟು ದಿನ ಇಬ್ಬರೂ ಅಜ್ಜಿಯನ್ನು ಕೇಳಿ ಉಂಡು, ಒಬ್ಬರ ಮುಖ ಒಬ್ಬರು ನೋಡದೆ ಏಳುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಈಗ ಆ ಮನೆಗೆ ಹಿರಿಯಳು ಅಮ್ಮ. ಅವಳು ಹೋಗದಿದ್ದರೆ ಮಾವ ಯಾರನ್ನೂ ಕೇಳಬೇಕಾಗಿಲ್ಲ. ಹೋದರೆ ಕೇಳಲೇಬೇಕು.

"ಅವ ಕೇಂತ್ನಾ ಇಲ್ಯಾ ಕಾಂಬ. ನಾನಂತೂ ಬಾಯಿ ಬಿಡುವವ್ಳಲ್ಲ," ಎಂದು ಅಮ್ಮ ಹೊರಡುವಾಗಲೇ ಹೇಳಿದ್ದಳು.

ಕುಂದಾಪುರದಲ್ಲಿ ಇಳಿದು ಹೋಟೆಲೊಂದರಲ್ಲಿ ಗೋಳಿಬಜೆ ತಿಂದು ಚಾ ಕುಡಿದೆವು. ಗೋಳಿಬಜೆ ಬಿಸಿ ಇತ್ತು, ಚಾ ಇರಲಿಲ್ಲ. ಅಲ್ಲಿಂದ ದೋಣಿಗೆ ತಲೆಗೆ ಹದಿನೈದು ಪೈಸೆ. ನನಗೆ ದೋಣಿಯೆಂದರೆ ಜೀವ ಕೈಯಲ್ಲಿ. ಬ್ರಹ್ಮಾವರದ ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ಟೀಚರು ನಾನು, ನೀರಿನ ಮೇಲೆ ಮಾತ್ರ ಬೆಕ್ಕಿನಂತಾಗುತ್ತೇನೆ. ನಮ್ಮ ದೋಣಿಯ ಹಿಂದೆ ಎರಡು ಎತ್ತುಗಳು ಹಗ್ಗಕ್ಕೆ ಕಟ್ಟಿಸಿಕೊಂಡು, ಮೂಗು ಮಾತ್ರ ಮೇಲಿಟ್ಟು ಈಜಿ ಬರುತ್ತಿದ್ದವು. ಕುದ್ರುವಿಗೆ ಎತ್ತು ಹೋಗುವುದು ಹೀಗೆಯೇ.

"ಹೆದ್ರ್ಬೇಡಿ ಟೀಚರ್ರೇ, ಎತ್ತೇ ಹೆದ್ರುದಿಲ್ಲೆ," ಎಂದ ದೋಣಿಯವನು. ಆಮೇಲೆ ಅಮ್ಮನ ಕಡೆ ತಿರುಗಿ, "ಹೊಸ್ತಿಗೆ ಬಂದದ್ದಾ ಅಮ್ಮಾ? ಒಳ್ಳೇದಾಯ್ತ್," ಎಂದ. ಜಗಳದ ಸುದ್ದಿ ಅವನಿಗೂ ಗೊತ್ತು ಎಂದು ಅವನ ದನಿಯಲ್ಲೇ ತಿಳಿಯಿತು.

ದಡದಲ್ಲಿ ಮಾವ ನಿಂತಿದ್ದರು. ಸೊಂಟಕ್ಕೆ ಕೆಂಪು ಬೈರಾಸು, ಮೊಣಕಾಲಿನವರೆಗೆ ಕೆಸರು. ನನ್ನನ್ನು ನೋಡಿ ನಕ್ಕರು. ಅಮ್ಮನನ್ನು ನೋಡಿ ದೋಣಿಯವನಿಗೆ ಹೇಳಿದರು: "ಹ್ವಾಯ್, ಅಲ್ಲಿ ಜಾರ್ತ್, ಬದಿಯಂಗೆ ಇಳೂಕೆ ಹೇಳ್."

ಅಮ್ಮ ಎತ್ತುಗಳಿಗೆ ಹೇಳಿದಳು: "ನಾನ್ ಹುಟ್ಟಿದ್ದೇ ಇಲ್ಲಿ. ಎಲ್ಲಿ ಜಾರ್ತ್ ಅಂದೇಳಿ ನಂಗೆ ಗೊತ್ತಿತ್ತ್."

ಮಧ್ಯಾಹ್ನದ ಊಟಕ್ಕೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಒಣಸಿಗಡಿ ಚಟ್ನಿ. ಮಾವನ ಹೆಂಡತಿ, ನನ್ನ ಅತ್ತೆ, ಇಬ್ಬರ ನಡುವೆ ಓಡಾಡಿ ಮಾತು ಸಾಗಿಸುತ್ತಿದ್ದಳು. ಉಪ್ಪು ಬೇಕೋ ಎಂದು ಮಾವ ಅವಳನ್ನು ಕೇಳುವುದು, ಬೇಡ ಎಂದು ಅಮ್ಮ ಅವಳಿಗೆ ಹೇಳುವುದು. ಪಾಪ, ಅವಳಿಗೆ ಉಣ್ಣಲು ಪುರುಸೊತ್ತೇ ಸಿಗಲಿಲ್ಲ.

ಸಂಜೆ ಮಾವನ ಜೊತೆ ಗದ್ದೆ ನೋಡಲು ಹೋದೆ. ಅಮ್ಮ ಮಂಡಿ ನೋವೆಂದು ಬರಲಿಲ್ಲ. ಕುದ್ರು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಮೈಲಿಯೂ ಇಲ್ಲ. ಅಂಚಿಗೆ ತೆಂಗು, ನಡುವೆ ಗದ್ದೆ, ಸುತ್ತ ಮಣ್ಣಿನ ದಂಡೆ. ಹೊಳೆ ಎಂದು ಹೆಸರೇ ಹೊರತು ನೀರು ಏರುವ ಭರತದ ಹೊತ್ತಿಗೆ ಅದು ಸಮುದ್ರವೇ. ದಂಡೆ ಒಡೆದರೆ ಉಪ್ಪುನೀರು ಒಳಗೆ ಬರುತ್ತದೆ, ಬಂದ ಗದ್ದೆ ವರ್ಷಗಟ್ಟಲೆ ಹಾಳು. ಕೆಳಗಿನ ಗದ್ದೆಗೆ ಆದದ್ದು ಹಾಗೆಯೇ. ಆಗ ಅಮ್ಮ, "ಆ ಗದ್ದೆ ಸತ್ತಿತು, ಹೊಳೆಗೇ ಬಿಟ್ಟುಬಿಡು, ಸಿಗಡಿಯಾದರೂ ಸಿಕ್ಕೀತು" ಎಂದಿದ್ದಳಂತೆ. ಮಾವ ಸಿಟ್ಟಿನಲ್ಲಿ, "ಕುದ್ರು ಬಿಟ್ಟು ಹೋದವರಿಗೆ ಗದ್ದೆಯ ಮಾತು ಬೇಡ" ಎಂದರಂತೆ. ಅಷ್ಟೇ. ಅವತ್ತು ಅಮ್ಮ ಉಣ್ಣದೆ ದೋಣಿ ಹತ್ತಿದ್ದಳು.

ಈಗ ಆ ಕೆಳಗಿನ ಗದ್ದೆಯ ತುಂಬ ಪೈರು ನಿಂತಿತ್ತು. ಕೆಂಪು ತೆನೆ, ಉದ್ದನೆಯ ಮೀಸೆ. ಮೇಲಿನ ಗದ್ದೆಯ ಭತ್ತದ ಹಾಗೆ ಅಲ್ಲ. ಬೈಂದೂರು ದಾಟಿ, ಭಟ್ಕಳದಿಂದಲೂ ಆಚೆ ಹೋಗಿ ತಂದ ಬೀಜವಂತೆ, ಉಪ್ಪು ತಡೆಯುತ್ತದಂತೆ. ಅದಕ್ಕೂ ಮೊದಲು ಮೂರು ಮಳೆಗಾಲ ಮಾವ ಗದ್ದೆಯನ್ನು ತೊಳೆದಿದ್ದರು. ಮಳೆನೀರು ತುಂಬಿಸಿ ನಿಲ್ಲಿಸುವುದು, ಇಳಿತದ ಹೊತ್ತಿಗೆ ದಂಡೆಯ ಬಾಯಿಯ ಹಲಗೆ ಎತ್ತಿ ಹೊರಗೆ ಬಿಡುವುದು, ಭರತ ಏರುವ ಮೊದಲು ಹಲಗೆ ಇಳಿಸುವುದು. ಹೊಳೆಯ ಹೊತ್ತಿಗೆ ಸರಿಯಾಗಿ ಏಳಬೇಕೆಂದು ದಂಡೆಯ ಮೇಲೆಯೇ ಗುಡಿಸಲು ಹಾಕಿ ಮಲಗಿದ್ದರು.

"ಮಾಮಾ, ನಾಳಿಗೆ ಅಮ್ಮನ್ ಹತ್ರ ಕೇಂತ್ರಿ ಅಲ್ದಾ?" ಎಂದೆ.

ಮಾವ ಒಂದು ತೆನೆ ಹಿಡಿದು ಸುಮ್ಮನೆ ಸವರಿದರು. "ಕೇಂಬುದೇನೋ ಹೌದ್ ಹೆಣ್ಣೆ. ನಾ ಕೇಂಡ್, ಅವ್ಳ್ 'ಉಣ್' ಅಂದೇಳಿ ಹೇಳ್ದಿದ್ರೆ? ಹೊಸ್ತಿನ್ ಅನ್ನ ಬಿಟ್ಟ್ ಏಳ್ಕಲೆ? ಮಕ್ಳ್ ಎದ್ರ್ ಎಂತ ಮರ್ಯಾದಿ?"

ಅಮ್ಮನ ಸ್ವಭಾವ ನನಗೂ ಗೊತ್ತು. ಅವರ ಹೆದರಿಕೆ ಸುಳ್ಳಾಗಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಮಾವ ಮಿಂದು, ಹರಿವಾಣದಲ್ಲಿ ಕದಿರು ಹೊತ್ತು ಬಂದರು. ತುಳಸಿಕಟ್ಟೆಯ ಮುಂದೆ ಇಳಿಸಿ ಪೂಜೆಯಾಯಿತು. ಮಾವು, ಹಲಸು, ಬಿದಿರಿನ ಎಲೆಗಳೊಂದಿಗೆ ಕದಿರು ಸೇರಿಸಿ ನಾರಿನಲ್ಲಿ ಸುತ್ತಿ ಬಾಗಿಲಿಗೆ, ನೇಗಿಲಿಗೆ, ಬಾವಿಯ ಕಂಬಕ್ಕೆ, ತೆಂಗಿನ ಮರಕ್ಕೆ ಕಟ್ಟಿದರು. ಅತ್ತೆ ಅನ್ನಕ್ಕೆಂದು ಕಾಳು ಸುಲಿಯಲು ಕೂತಳು. ಅಮ್ಮನೂ ಪಕ್ಕದಲ್ಲಿ ಕೂತು ಒಂದು ತೆನೆ ಎತ್ತಿಕೊಂಡಳು, ಮೀಸೆ ಮುಟ್ಟಿದಳು, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದಳು.

"ಇದ್ ಎಲ್ಲಿ ಕದ್ರ್?"

"ಕೆಳ್ಗಿನ್ ಗದ್ದಿದ್, ಅತ್ಗಿ," ಎಂದಳು ಅತ್ತೆ.

"ಯಾವ್ ಕೆಳ್ಗಿನ್ ಗದ್ದಿ?"

"ಒಂದೇ ಅಲ್ದಾ ಇಪ್ಪುದ್."

ಅಮ್ಮ ಆ ಕಾಳನ್ನು ಬಹಳ ಹೊತ್ತು ಜಗಿಯುತ್ತಿದ್ದಳು.

ಊಟಕ್ಕೆ ಎಲೆ ಹಾಕಿದರು. ಸಾಲಿನ ತಲೆಗೆ ಅಮ್ಮ, ಆಮೇಲೆ ಮಾವ, ಅತ್ತೆ, ನಾನು, ಮಾವನ ಮಕ್ಕಳಿಬ್ಬರು. ಸಣ್ಣವನಿಂದ ಶುರುವಾಯಿತು. ಅವನು ಒಂದೇ ಉಸಿರಿನಲ್ಲಿ ಎಲ್ಲರನ್ನೂ ಕರೆದು ಕೇಳಿದ. ಎಲ್ಲರೂ "ಉಣ್" ಎಂದರು. ಅವನ ಅಕ್ಕ ಕೇಳಿದಳು, ನಾನು ಕೇಳಿದೆ, ಅತ್ತೆ ಕೇಳಿದಳು. ಉಳಿದದ್ದು ಮಾವ.

ಮಾವ ಎಲೆ ನೋಡುತ್ತ ಕೂತರು. ಅಪ್ಪಣೆ ಸಿಕ್ಕರೂ ನಾವು ಯಾರೂ ಕೈ ಹಾಕಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಇದಕ್ಕಾಗಿಯೇ ಅಲ್ಲವೇ ಅವಳು ಇಷ್ಟು ದೂರ ಬಂದದ್ದು, ಈಗ ಬಿಟ್ಟುಕೊಡುತ್ತಾಳೆಯೇ?

ಅಮ್ಮ ಪಕ್ಕಕ್ಕೆ ತಿರುಗಿದಳು. ಆ ಮನೆಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲದ ಒಬ್ಬಳೇ ಒಬ್ಬಳು ಅವಳು.

"ತಮ್ಮಾ," ಎಂದಳು. "ನಾನ್ ಹೊಸ್ತ್ ಉಂತೆ."

ಹಿರಿಯರು ಕಿರಿಯರನ್ನು ಕೇಳುವುದು ಎಲ್ಲೂ ಇಲ್ಲ. ಮಾವ ತಲೆ ಎತ್ತಿದರು, ಕಣ್ಣು ತುಂಬಿತ್ತು.

"ಉಣ್ಣಕ್ಕಾ," ಎಂದರು. ಆಮೇಲೆ ಮೆಲ್ಲನೆ, "ನಾನೂ ಉಂತೆ."

"ಉಣ್," ಎಂದಳು ಅಮ್ಮ. ನನಗೂ ಅಳು ಬಂತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಅನ್ನ ಪೂರ್ತಿ ತಣಿದಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೊರಟೆವು. ನಮ್ಮ ಮನೆಯ ಬಾಗಿಲಿಗೆ ಕಟ್ಟಲೆಂದು ಮಾವ ಒಂದು ಹಿಡಿ ಕದಿರು ಕೊಟ್ಟು, ಇಳಿತದ ಹೊತ್ತಾಯಿತೆಂದು ದಂಡೆಯ ಕಡೆ ಓಡಿದರು. ದೋಣಿಯಲ್ಲಿ ನಾನು ಅಮ್ಮನನ್ನು ಕೆಣಕಿದೆ. "ಬಾಯಿ ಬಿಡುವವಳಲ್ಲ ಅಂದಿದ್ದೆ ಅಲ್ಲವಾ? ನೀನೇ ಮೊದಲು ಯಾಕೆ ಕೇಳಿದ್ದು?"

"ಎಂತ ಮಾಡುದ್? ಹೊಟ್ಟಿ ಹಸ್ದಿತ್ತ್," ಎಂದು ಆಚೆ ತಿರುಗಿ ಕೂತಳು.

ದೋಣಿ ಕುದ್ರುವಿನ ಮೂಲೆ ಸುತ್ತಿದಾಗ ಕೆಳಗಿನ ಗದ್ದೆ ಕಾಣಿಸಿತು, ಬಿಸಿಲಿಗೆ ಕೆಂಪಗೆ. ದಂಡೆಯ ಬಾಯಿಯಲ್ಲಿ ಮಾವ ಬಗ್ಗಿ ಹಲಗೆ ಎತ್ತುತ್ತಿದ್ದರು. ಅಮ್ಮ ಥಟ್ಟನೆ ಎದ್ದು ನಿಂತಳು, ದೋಣಿ ವಾಲಿತು, ನಾನು ಅವಳ ಸೀರೆ ಹಿಡಿದುಕೊಂಡೆ.

"ತಮ್ಮಾ! ಭರತ ಬಪ್ಪು ಮೊದ್ಲ್ ಹಲ್ಗಿ ಇಳ್ಸ್! ಮರೀಬೇಡ!"

"ಗಾಳಿ ಎದ್ರಿತ್ತ್ ಅಮ್ಮಾ, ಅವ್ರಿಗ್ ಕೇಂತಿಲ್ಲೆ," ಎಂದ ದೋಣಿಯವನು.

"ಕೇಂಡ್ರೂ ಅವ ಕೇಂಬವ ಅಲ್ಲ," ಎಂದು ಅಮ್ಮ ಬಾಯಿಯ ಎರಡೂ ಬದಿಗೆ ಕೈ ಹಿಡಿದು ಇನ್ನೂ ಜೋರಾಗಿ ಕೂಗಿದಳು.