ಮೋಟಾರು ಬಿಚ್ಚಿಸಿದ ಬೆಳಿಗ್ಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನಲ್ಲಿ ಕುಡಿಯುವ ನೀರಿನ ಕೆಲಸ ನೋಡಿಕೊಳ್ಳುವ ಜೂನಿಯರ್ ಎಂಜಿನಿಯರ್ ಆಗಿದ್ದೆ. ಊರಿಗೆ ನೀರೆತ್ತುವ ಪಂಪ್‌ಹೌಸ್ ಕಪಿಲೆಯ ದಡದಲ್ಲೇ ಇತ್ತು. ಮಳೆಗಾಲ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಮೇಲಿನ ಅಣೆಕಟ್ಟಿನಿಂದ ಹೆಚ್ಚು ನೀರು ಬಿಡುತ್ತಾರೆಂದು ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಸ್ನಾನಘಟ್ಟದ ಮೆಟ್ಟಿಲುಗಳು ಮುಳುಗಿದ್ದವು. ಮೋಟಾರಿಗೆ ನೀರು ನುಗ್ಗಿದರೆ, ಮೈಸೂರಿಗೆ ಒಯ್ದು ರಿಪೇರಿ ಮಾಡಿಸಿ ತರುವವರೆಗೆ ವಾರಗಟ್ಟಲೆ ಊರಿಗೆ ನೀರಿಲ್ಲ. ಮೊದಲೇ ಬಿಚ್ಚಿಟ್ಟರೆ ಹೊಳೆ ಇಳಿಯುವ ತನಕ ನಲ್ಲಿ ಒಣಗುತ್ತದೆ. ಮೇಲಧಿಕಾರಿಗಳು ಕಾದು ನೋಡಿ ಎಂದರು. ತೀರ್ಮಾನ ನಿಮ್ಮದೇ ಎಂದೂ ಸೇರಿಸಿದರು.

ನೀರು ಪಂಪ್‌ಹೌಸಿನ ಹೊಸ್ತಿಲಿಗೆ ಬಂದ ಮೇಲೆ ಬಿಚ್ಚಿದರಾಯಿತು ಎಂದು ಪಂಪ್ ಆಪರೇಟರ್ ವಾದಿಸಿದ. ಅಷ್ಟು ಹೊತ್ತಿಗೆ ಆಳುಗಳನ್ನು ಒಳಗಿಳಿಸುವ ಧೈರ್ಯ ನನಗಿರಲಿಲ್ಲ. ಕರೆಂಟು ತೆಗೆಸಿ, ಮೋಟಾರನ್ನು ಸರಪಳಿಯಲ್ಲಿ ಎತ್ತಿಸಿ ಲಾರಿಗೆ ಹಾಕಿಸಿದೆ.

ಹೊಳೆ ಹೊಸ್ತಿಲ ಕೆಳಗಿನ ಮೆಟ್ಟಿಲವರೆಗೆ ಬಂದು ನಿಂತಿತು. ಒಳಗೆ ಒಂದು ಹನಿಯೂ ಬರಲಿಲ್ಲ.

ಮರುದಿನ ಟ್ಯಾಂಕು ಬರಿದಾಯಿತು. ಹೆಂಗಸರು ಬಿಂದಿಗೆ ಹಿಡಿದು ಕಚೇರಿಗೆ ಬಂದರು. ನಮ್ಮ ಬೀದಿಯಲ್ಲಿ ಇಡ್ಲಿ ಮಾರುತ್ತಿದ್ದ ಅಮ್ಮ ಮುಂದೆ ನಿಂತಿದ್ದಳು.

“ಒಳೆ ಬಾಗ್ಲಿಗೆ ಬಂದು ಕುಂತದೆ, ನಲ್ಲೀಲಿ ನೀರಿಲ್ಲ ಅಂತೀರಲ್ಲ ಸಾ.”

“ಮೋಟಾರಿಗೆ ನುಗ್ಗಿದ್ರೆ ತಿಂಗ್ಳಾದ್ರೂ ನೀರು ಬರ್ತಿರಲಿಲ್ಲ ಕಣಮ್ಮ.”

“ನುಗ್ಗಲಿಲ್ವಲ್ಲ.”

ಮನೆಗೆ ಬಂದರೆ, ಹೆಂಡತಿ ದೂರದ ಬೋರ್‌ವೆಲ್ಲಿನಿಂದ ನೀರು ಹೊತ್ತು ತಂದು, ಅಡುಗೆಗಿಟ್ಟಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹೊಳೆ ಇಳಿದು ಮೋಟಾರು ಮತ್ತೆ ಕೂತರೂ ನನಗೆ ಸಮಾಧಾನವಾಗಲಿಲ್ಲ. ಮೋಟಾರಿಗೆ ಎತ್ತರದ ಕಟ್ಟೆ ಬೇಕು, ಹೊಳೆಯಿಂದ ದೂರದ ಬದಿಯ ಬೋರ್‌ವೆಲ್ಲುಗಳನ್ನು ಟ್ಯಾಂಕಿಗೆ ಜೋಡಿಸಬೇಕು ಎಂದು ಮೇಲಧಿಕಾರಿಗಳ ಹಿಂದೆ ಬಿದ್ದೆ. ಒಳಗೆ ಬಾರದ ನೀರಿಗೆ ಇಷ್ಟೆಲ್ಲ ಯಾಕೆ ಎಂದು ಸತಾಯಿಸಿದರು. ಕೊನೆಗೆ ಬೋರ್‌ವೆಲ್ ಜೋಡಿಸಲು ಒಪ್ಪಿಗೆ ಸಿಕ್ಕಿತು, ಕಟ್ಟೆ ಆಗಲಿಲ್ಲ.

ಇನ್ನೊಂದು ಮಳೆಗಾಲದಲ್ಲಿ ಮತ್ತೆ ಮೋಟಾರು ಬಿಚ್ಚಿಸಿದೆ. ಆ ಸಲ, ದಿನಕ್ಕೆ ಒಂದೇ ಹೊತ್ತಾದರೂ, ಬೋರ್‌ವೆಲ್ಲಿನ ಗಡಸು ನೀರಾದರೂ, ನಲ್ಲಿಯಲ್ಲಿ ಬಂತು. ಕಚೇರಿಗೆ ಯಾರೂ ಬರಲಿಲ್ಲ.

ಮುಂದೆ ತಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲಿ ಕಪಿಲೆಯ ಜೊತೆ ಕಾವೇರಿಯೂ ಇತ್ತು. ಹೋದ ದಿನವೇ, ಸಾಮಾನು ಇಳಿಸುವುದನ್ನು ಹೆಂಡತಿಗೆ ಬಿಟ್ಟು, ಪಂಪ್‌ಹೌಸಿನ ದಾರಿ ಕೇಳಿಕೊಂಡು ಹೊರಟೆ.